ನೂರೈವತ್ತು ಕುದುರೆಯ ಎಂಜಿನ್ನು, ಗಂಡನ ತೂಕ

ಅವಳನ್ನು ಎಲ್ಲರೂ ಚುಕ್ಕಾಣಿ ಅಕ್ಕ ಎಂದೇ ಕರೆಯುತ್ತಿದ್ದರು. ಸರೋವರದ ಈ ದಡದಿಂದ ಆ ದಡಕ್ಕೆ ಜನರನ್ನು, ಸೈಕಲ್ಲುಗಳನ್ನು, ಹಾಲಿನ ಕ್ಯಾನುಗಳನ್ನು ದಾಟಿಸುವ ಲಾಂಚನ್ನು ಅವಳು ಇಪ್ಪತ್ನಾಲ್ಕು ವರ್ಷಗಳಿಂದ ನಡೆಸುತ್ತಿದ್ದಳು. ಲಾಂಚಿನ ವೇಗ ಗಂಟೆಗೆ ಹನ್ನೊಂದು ಕಿಲೋಮೀಟರು. ಎದುರುಗಾಳಿ ಬೀಸಿದರೆ ಒಂಬತ್ತು. ದಡದ ರಸ್ತೆಯಲ್ಲಿ ಹೋಗುವ ಸೈಕಲ್ಲಿನವನು ಕೈಬೀಸಿ ಅವಳನ್ನು ಹಿಂದೆ ಹಾಕುತ್ತಿದ್ದ. ಅವಳೂ ನಗುತ್ತ ಕೈಬೀಸುತ್ತಿದ್ದಳು. ಒಳಗೆ ಮಾತ್ರ ಏನೋ ಚುರುಕ್ ಎನ್ನುತ್ತಿತ್ತು.

ವರ್ಷಕ್ಕೊಂದು ದಿನ ಆ ಸರೋವರದಲ್ಲಿ ವೇಗದ ದೋಣಿಗಳ ಸ್ಪರ್ಧೆ. ಅಂದು ಲಾಂಚಿಗೆ ರಜೆ. ಅವಳು ಅದನ್ನು ಕಟ್ಟಿ, ಮಾಡಿನ ಮೇಲೆ ಹತ್ತಿ ಕೂತು, ದೋಣಿಗಳು ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಹಾರಿಹೋಗುವುದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಇಪ್ಪತ್ಮೂರು ವರ್ಷ ನೋಡಿದಳು. ಮುಂದಿನ ವರ್ಷ, ನಲವತ್ತೊಂಬತ್ತರ ವಯಸ್ಸಿನಲ್ಲಿ, ನೋಡಿದ್ದು ಸಾಕು ಅನ್ನಿಸಿತು.

ಹಾಗನ್ನಿಸಲು ಕಾರಣವಿತ್ತು. ದಡದಲ್ಲಿದ್ದ ದೋಣಿ ಮೇಸ್ತ್ರಿ ವಯಸ್ಸಾಯಿತೆಂದು ಕೆಲಸ ನಿಲ್ಲಿಸಿ ಶೆಡ್ಡು ಖಾಲಿ ಮಾಡುತ್ತಿದ್ದ. ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ, ಹದಿನೆಂಟು ಅಡಿ ಉದ್ದದ ಫೈಬರ್ ದೋಣಿಯೊಂದು ಆರು ವರ್ಷದಿಂದ ಮಲಗಿತ್ತು. ಯಾರೋ ಹೇಳಿ ಮಾಡಿಸಿದವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಚೂಪು ಮೂತಿ, ನೀರನ್ನು ಸೀಳುವಂಥ ಅಡಿ, ಹಿಂದೆ ಒಂದೇ ಒಂದು ಎಂಜಿನ್ ತಗುಲಿಸಲು ದಪ್ಪನೆಯ ಹಲಗೆ. ಎಂಜಿನ್ ಮಾತ್ರ ಇಲ್ಲ. ಅವಳು ಟಾರ್ಪಾಲು ಸರಿಸಿದಳು, ಅಡಿಯ ಮೇಲೆ ಅಂಗೈ ಆಡಿಸಿದಳು. ಅಲ್ಲಿಗೆ ಮುಗಿಯಿತು.

"ಫ್ರಿಜ್ ತರ್ತೀನಿ ಅಂತ ಹೋದವಳು ದೋಣಿ ತಂದಿದ್ದಾಳೆ," ಎಂದು ಅವಳ ಗಂಡ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. "ಇನ್ನು ಹಾಲು ಎಲ್ಲಿಡೋದು? ದೋಣೀಲಾ?"

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಪ್ಯಾಂಟು, ಅಂಗಿಯ ಜೊತೆಗೆ ದೋಣಿಗಳ ಸೀಟಿಗೆ ಹೊದಿಕೆಯನ್ನೂ ಹೊಲಿಯುತ್ತಿದ್ದ. ನೀರೆಂದರೆ ಮಾತ್ರ ಅವನಿಗೆ ಆಗದು. ಇಪ್ಪತ್ನಾಲ್ಕು ವರ್ಷದಲ್ಲಿ ಹೆಂಡತಿಯ ಲಾಂಚನ್ನು ಹತ್ತಿದ್ದು ನಾಲ್ಕೇ ಸಲ. ನಾಲ್ಕು ಸಲವೂ ಸರಿಯಾಗಿ ನಡುಮಧ್ಯ ಕೂತು, ಕಂಬ ಅಪ್ಪಿಕೊಂಡು, ಇಳಿಯುವ ತನಕ ತುಟಿಪಿಟಕ್ಕೆಂದಿರಲಿಲ್ಲ.

ಎಂಜಿನ್ ಯಾವುದು ಎಂಬ ಮಾತು ಶುರುವಾದದ್ದು ಅದೇ ಹೊಲಿಗೆ ಕೋಣೆಯಲ್ಲಿ, ಬಟ್ಟೆಚೂರುಗಳ ನಡುವೆ. ಗಂಡನ ತಮ್ಮ, ಅಂದರೆ ಅವಳ ಮೈದುನ, ದೋಣಿ ಎಂಜಿನ್ನುಗಳ ಅಂಗಡಿಯಲ್ಲಿ ಮೆಕ್ಯಾನಿಕ್ಕು. ಹನ್ನೆರಡು ವರ್ಷದಿಂದ ಅಲ್ಲೇ ಇದ್ದುದರಿಂದ ಯಜಮಾನರು ಅವನ ಮೇಲೆ ನಂಬಿಕೆ ಇಟ್ಟಿದ್ದರು. ಬೇಕಾದ್ದನ್ನು ಹಾಕಿ ನೋಡಿ, ಒಪ್ಪಿಗೆಯಾದದ್ದನ್ನು ಇಟ್ಟುಕೊಳ್ಳಿ, ದುಡ್ಡು ಕಂತಿನಲ್ಲಿ ಕೊಡಿ ಎಂದಿದ್ದರು. ಇದಕ್ಕಿಂತ ಒಳ್ಳೆಯ ಮಾತು ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಯಾರೂ ಕೇಳಿರಲಿಲ್ಲ.

"ಇನ್ನೂರು ಅತ್ತಿಗೆ," ಎಂದ ಮೈದುನ. "ಇನ್ನೂರು ಎಚ್‌ಪಿಗೆ ಒಂದು ಕಮ್ಮಿ ಆದ್ರೂ ನಾನು ಸ್ಪ್ಯಾನರ್ ಮುಟ್ಟಲ್ಲ."

"ತೊಂಬತ್ತು ಸಾಕು," ಎಂದ ಗಂಡ, ಸೂಜಿಗೆ ದಾರ ಪೋಣಿಸುತ್ತ. "ತೊಂಬತ್ತು ಕುದುರೆ ಅಂದ್ರೆ ಏನಂದ್ಕೊಂಡೆ? ಸಾಲಾಗಿ ನಿಲ್ಸಿದ್ರೆ ನಮ್ಮ ಬೀದಿ ದಾಟಿ ಪೋಸ್ಟಾಫೀಸ್ ಮುಟ್ಟುತ್ತೆ."

"ಅಣ್ಣಾ, ಇದು ರೇಸು. ಮೆರವಣಿಗೆ ಅಲ್ಲ."

"ಮೆರವಣಿಗೇಲಿ ಯಾರೂ ಮುಳುಗಲ್ಲ ನೋಡು, ಅದಕ್ಕೇ ಹೇಳ್ದೆ."

ಅವಳು ಇಬ್ಬರನ್ನೂ ಒಂದಷ್ಟು ಹೊತ್ತು ಜಗಳವಾಡಲು ಬಿಟ್ಟಳು. ಆಮೇಲೆ ಕೇಳಿದಳು: "ನೀವಿಬ್ರೂ ಹೇಳಿದ್ದಾಯ್ತು. ದೋಣಿ ಏನು ಹೇಳುತ್ತೆ ಅಂತ ಯಾರಾದ್ರೂ ಕೇಳಿದ್ರಾ?"

ಮೊದಲ ಭಾನುವಾರ ತೊಂಬತ್ತರ ಎಂಜಿನ್ ಹಾಕಿದರು. ಗಂಡನ ಸಮಾಧಾನಕ್ಕೆ. ಸರಪಳಿ ರಾಟೆಯಿಂದ ಎಂಜಿನ್ ಎತ್ತಿ, ಹಿಂದಿನ ಹಲಗೆಗೆ ಕೂರಿಸಿ, ನಾಲ್ಕು ಬೋಲ್ಟು ಬಿಗಿದು, ದೋಣಿಯನ್ನು ನೀರಿಗಿಳಿಸಿದರು. ಸ್ಪರ್ಧೆಯ ನಿಯಮ ಸರಳವಾಗಿತ್ತು: ಒಂದೇ ಎಂಜಿನ್, ದೋಣಿಯಲ್ಲಿ ಇಬ್ಬರು, ಎಂಜಿನ್ ಎಷ್ಟು ಶಕ್ತಿಯದೆಂಬುದು ಅವರವರ ಇಷ್ಟ. ಹಾಗಾಗಿ ಪಕ್ಕದ ಸೀಟಿನಲ್ಲಿ ಮೈದುನ ಕೂತ. ಅವಳು ಥ್ರಾಟಲ್ ಹಿಡಿಯನ್ನು ಕೊನೆಯವರೆಗೆ ಒತ್ತಿದಳು. ದೋಣಿ ಮೂತಿಯನ್ನು ಆಕಾಶಕ್ಕೆ ಎತ್ತಿ, ಹಿಂಭಾಗವನ್ನು ನೀರಿನಲ್ಲಿ ಎಳೆಯುತ್ತ, ಒಂದು, ಎರಡು, ಮೂರು... ಹನ್ನೊಂದನೆಯ ಸೆಕೆಂಡಿಗೆ ಕಷ್ಟಪಟ್ಟು ಮಟ್ಟಕ್ಕೆ ಬಂದು ನೀರಿನ ಮೇಲೆ ಜಾರತೊಡಗಿತು. ವೇಗ ಅರವತ್ತೆರಡು. ಅದಕ್ಕಿಂತ ಕೂದಲೆಳೆಯಷ್ಟೂ ಮೇಲೆ ಹೋಗಲಿಲ್ಲ.

ಆದರೂ ಅವಳ ಬಾಯಿ ಕಿವಿಯ ತನಕ ಹೋಗಿತ್ತು. ಹನ್ನೊಂದರಿಂದ ಅರವತ್ತೆರಡು! ಇಪ್ಪತ್ನಾಲ್ಕು ವರ್ಷದಿಂದ ದಿನಾ ನೋಡುವ ದಡದ ಮರಗಳು ಇವೇನಾ ಎಂದು ಅನುಮಾನವಾಗುವಷ್ಟು ಬೇಗ ಹಿಂದೆ ಓಡಿದವು. ಆದರೆ ಅವಳ ಕಿವಿ ಬೇರೆ ಏನನ್ನೋ ಕೇಳುತ್ತಿತ್ತು. ಎಂಜಿನ್ ಅರಚುತ್ತಿತ್ತು. ಕೊನೆಯವರೆಗೆ ಒತ್ತಿದ್ದನ್ನು ಒಂದು ಕ್ಷಣ ಸಡಿಲಿಸಿದರೂ ದೋಣಿ ಮತ್ತೆ ನೀರಿಗೆ ಕುಸಿಯುತ್ತಿತ್ತು.

"ಸಣ್ಣ ಎಂಜಿನ್ ಅಂದ್ರೆ ಸುಖವಾಗಿರುತ್ತೆ ಅಂದ್ಕೊಂಡಿದ್ರಿ," ಎಂದಳು ಗಂಡನಿಗೆ, ದಡಕ್ಕೆ ಬಂದು. "ಇದು ಇಡೀ ಹೊತ್ತು ಓಡ್ತಾನೇ ಇರ್ಬೇಕು. ಉಸಿರು ತಗೊಳ್ಳಕ್ಕೂ ಬಿಡುವಿಲ್ಲ. ಒಂದೇ ವರ್ಷಕ್ಕೆ ಸಾಯುತ್ತೆ ಪಾಪ."

ಎರಡನೆಯ ಭಾನುವಾರ ಇನ್ನೂರರದು ಬಂತು. ದೋಣಿಯ ಹಿಂದಿನ ಹಲಗೆಯ ಪಕ್ಕ ಮೇಸ್ತ್ರಿ ಒಂದು ಹಿತ್ತಾಳೆ ತಗಡು ಹೊಡೆದಿದ್ದ. ಅದರ ಮೇಲೆ "ಗರಿಷ್ಠ ೧೫೦" ಎಂದು ಕೊರೆದಿತ್ತು. ಅವಳು ಅದನ್ನು ಓದಿದಳು. ಮೈದುನನೂ ಓದಿದ.

"ಅದು ಹೆದರುಪುಕ್ಕಲರಿಗೆ ಬರೆದದ್ದು ಅತ್ತಿಗೆ. ಮೇಸ್ತ್ರಿಗಳು ಯಾವಾಗ್ಲೂ ಸ್ವಲ್ಪ ಕೈ ಬಿಗಿ ಹಿಡಿದೇ ಬರೀತಾರೆ."

ಬೇಡ ಎನ್ನಬೇಕಿತ್ತು. ಆದರೆ ಕಳೆದ ಭಾನುವಾರದ ರುಚಿ ಇನ್ನೂ ನಾಲಿಗೆಯ ಮೇಲಿತ್ತು. "ಒಂದೇ ಸಲ," ಎಂದಳು. "ನೋಡೋಣ."

ಥ್ರಾಟಲ್ ಒತ್ತಿದ್ದೇ ತಡ, ಬೆನ್ನು ಸೀಟಿಗೆ ಅಂಟಿಕೊಂಡಿತು. ದೋಣಿ ಮೂರೇ ಸೆಕೆಂಡಿಗೆ ನೀರಿನ ಮೇಲಿತ್ತು. ಎಪ್ಪತ್ತು, ಎಂಬತ್ತು, ತೊಂಬತ್ತು. ಗಾಳಿ ಕೆನ್ನೆಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಮೈದುನ ಕೇಕೆ ಹಾಕುತ್ತಿದ್ದ. ನೂರು! ಅವಳೂ ಕೂಗಿದಳು, ಏನೆಂದು ಅವಳಿಗೇ ಗೊತ್ತಿಲ್ಲ. ನೂರಾ ನಾಲ್ಕು.

ಆಗ ದೋಣಿ ಎಡಕ್ಕೆ ಸಣ್ಣಗೆ ವಾಲಿತು. ಬಲಕ್ಕೆ ವಾಲಿತು. ಮತ್ತೆ ಎಡಕ್ಕೆ, ಈ ಸಲ ಜೋರಾಗಿ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯುವವರ ಹಾಗೆ ದೋಣಿ ನೀರಿನ ಮೇಲೆ ಕುಣಿಯತೊಡಗಿತು. ಚುಕ್ಕಾಣಿ ತಿರುಗಿಸಿದಷ್ಟೂ ಕುಣಿತ ಹೆಚ್ಚಾಯಿತು. ಜೀವ ಬಾಯಿಗೆ ಬಂತು. ಆದರೂ ಕೈ ತನ್ನ ಕೆಲಸ ಮರೆಯಲಿಲ್ಲ: ಚುಕ್ಕಾಣಿಯನ್ನು ನೇರ ಹಿಡಿದು, ಥ್ರಾಟಲ್ಲನ್ನು ಒಮ್ಮೆಗೇ ಬಿಡದೆ ಮೆಲ್ಲಗೆ ಹಿಂದಕ್ಕೆ ತಂದಳು. ದೋಣಿ ಕೊನೆಯದೊಂದು ಸಲ ಎಡಕ್ಕೆ ಅಪ್ಪಳಿಸಿ ನೆಟ್ಟಗಾಯಿತು. ಆ ಹೊಡೆತಕ್ಕೆ ಮೈದುನ ಮುಂದಿನ ಕಂಬಿಗೆ ಕೈಯೂರಿದ. ಮಣಿಕಟ್ಟು ಉಳುಕಿ, ನೋಡುನೋಡುತ್ತಿದ್ದಂತೆ ಊದಿಕೊಂಡಿತು.

ದಡದಲ್ಲಿ ಮೇಸ್ತ್ರಿ ನಿಂತಿದ್ದ. ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಮೊಣಕಾಲುದ್ದ ನೀರಿಗಿಳಿದು ಹಿಂದಿನ ಹಲಗೆಯನ್ನು ಬೆರಳ ಗಂಟಿನಿಂದ ತಟ್ಟಿದ. ಬಲಗಡೆ ಟಣ್ ಟಣ್ ಎಂದಿತು. ಎಡಮೂಲೆಯಲ್ಲಿ ಡಬ್ ಎಂದಿತು. ಅಲ್ಲಿ ಕೂದಲಿನಷ್ಟು ಸಣ್ಣ ಬಿರುಕು.

"ತಗಡು ಓದಿದ್ರಾ?" ಎಂದು ಕೇಳಿದ.

"ಓದಿದ್ದೆ," ಎಂದಳು ಅವಳು. ಮೈದುನನ ಮೇಲೆ ಹಾಕಲಿಲ್ಲ.

"ಆ ಅಂಕಿ ನಾನು ನಿದ್ದೆಗಣ್ಣಲ್ಲಿ ಕೊರೆದಿಲ್ಲ ಕಣಮ್ಮ. ಹಲಗೆ ಎಷ್ಟು ತಡೆಯುತ್ತೆ, ಅಡಿ ಎಷ್ಟು ಅಗಲ, ಎಂಜಿನ್ ಎಷ್ಟು ಭಾರ, ಎಲ್ಲ ನೋಡಿ ಕೊರೆದದ್ದು. ಇನ್ನೂರರದ್ದು ಮೂವತ್ತು ಕಿಲೋ ಜಾಸ್ತಿ ಭಾರ. ಅದು ಹಿಂದೆ ಜಗ್ಗುತ್ತೆ, ಮುಂದೆ ನೂಕುತ್ತೆ. ಅಷ್ಟು ವೇಗದಲ್ಲಿ ನೀರಿಗೆ ತಾಗ್ತಿರೋದು ನಿನ್ನ ಊಟದ ತಟ್ಟೆಯಷ್ಟು ಜಾಗ. ಅದರ ಮೇಲೆ ನಿಂತು ಕುಣೀದೆ ಇನ್ನೇನು ಮಾಡುತ್ತೆ?"

ಅವಳು ಬಗ್ಗಿ ಬಿರುಕಿನ ಮೇಲೆ ಬೆರಳಾಡಿಸಿದಳು. ಮೇಸ್ತ್ರಿ ದನಿ ತಗ್ಗಿಸಿದ.

"ಥ್ರಾಟಲ್ ಮೆಲ್ಲಗೆ ಬಿಟ್ಟೆ ನೋಡು, ಅದು ಒಳ್ಳೇದು ಮಾಡ್ದೆ. ಹೆದ್ರಿ ಒಮ್ಮೆಗೇ ಬಿಟ್ಟಿದ್ರೆ ಮಗುಚ್ತಿತ್ತು. ಬಿರುಕು ನಾನು ಕಟ್ಟಿಕೊಡ್ತೀನಿ. ನೂರೈವತ್ತು ಹಾಕು. ನೂರೈವತ್ತಕ್ಕೇ ಹುಟ್ಟಿದ ದೋಣಿ ಇದು."

ಬಿರುಕು ಕಟ್ಟಲು ಹತ್ತು ದಿನ ಹಿಡಿಯಿತು. ಮೇಸ್ತ್ರಿ ಖಾಲಿ ಮಾಡಿದ್ದ ಶೆಡ್ಡಿಗೆ ಮತ್ತೆ ಸಾಮಾನು ತಂದು, ಬಿರುಕು ಕೆರೆದು, ಪದರದ ಮೇಲೆ ಪದರ ಫೈಬರ್ ಹಾಕಿ ಉಜ್ಜಿದ. ಕೆಲಸ ಸಿಕ್ಕ ಖುಷಿಗೆ ಬೈಯುವುದನ್ನೂ ಮರೆತಿದ್ದ. ಆದರೆ ಮೈದುನನ ಕೈಗೆ ಪಟ್ಟಿ ಬಿದ್ದು, ಒಂದೂವರೆ ತಿಂಗಳು ಏನೂ ಎತ್ತಬೇಡ, ಹಿಡಿಯಬೇಡ ಎಂದು ಡಾಕ್ಟರು ಹೇಳಿದ್ದರು. ಸ್ಪರ್ಧೆಗೆ ಉಳಿದದ್ದು ಒಂದೇ ತಿಂಗಳು. ಎರಡನೆಯ ಸೀಟು ಖಾಲಿ.

ಅವಳು ಅಲ್ಲಿ ಇಲ್ಲಿ ಕೇಳಿದಳು. ನೂರಾ ನಾಲ್ಕರ ಕುಣಿತದ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು. ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ನಾದಿನಿಯ ಮನೆಗೆ ಹೋಗಬೇಕು. ಒಂದು ಸಂಜೆ ಅವಳು ಬಾಗಿಲ ಬಳಿ ಸುಮ್ಮನೆ ಕೂತಿದ್ದಾಗ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಆ ಎರಡನೇ ಸೀಟಲ್ಲಿ ಕೂರೋರಿಗೆ ಏನೇನು ಬರ್ಬೇಕು?" ಎಂದು ಗಂಡ ಕೇಳಿದ.

"ಕೂರಕ್ಕೆ ಬಂದ್ರೆ ಸಾಕು."

"ಮೂವತ್ತು ವರ್ಷದಿಂದ ನಾನು ಅದನ್ನೇ ಮಾಡ್ತಿರೋದು," ಎಂದ ದರ್ಜಿ.

ಅವಳು ಎದ್ದು ನಿಂತಳು. "ರೀ, ತಮಾಷೆ ಮಾಡ್ಬೇಡಿ."

"ತಮಾಷೆ ಮಾಡೋ ಮುಖನಾ ಇದು?" ನಿಜ, ಮುಖ ಸುಣ್ಣದಂತೆ ಬಿಳಿಚಿತ್ತು. "ಲೈಫ್ ಜಾಕೆಟ್ ಮಾತ್ರ ನಾನೇ ಹೊಲ್ಕೊಳ್ತೀನಿ. ಬೇರೆಯವರ ಹೊಲಿಗೆ ಮೇಲೆ ನಂಗೆ ನಂಬಿಕೆ ಇಲ್ಲ."

"ಜಾಕೆಟ್ಟು ಪರೀಕ್ಷೆ ಮಾಡಿ ಸೀಲು ಒತ್ತಿದ್ದೇ ಆಗ್ಬೇಕು. ತೂಕ ಹೇಳಿ, ಸರಿಯಾದ್ದು ತರಿಸ್ತೀನಿ."

"ಎಪ್ಪತ್ತೆಂಟು," ಎಂದ ಅವನು, ರೆಪ್ಪೆ ಮಿಟುಕಿಸದೆ.

ಮೂರನೆಯ ಪರೀಕ್ಷೆ ನೂರೈವತ್ತರದು. ಈ ಸಲ ಅವಳು ಎಲ್ಲವನ್ನೂ ಲೆಕ್ಕ ಹಾಕಿಯೇ ಬಂದಿದ್ದಳು. ಮೈದುನ ಒಂದೇ ಕೈಯಲ್ಲಿ ಕಾಗದದ ಮೇಲೆ ಬರೆದು ಕೊಟ್ಟಿದ್ದ: ದೋಣಿಯ ಭಾರ, ಪೆಟ್ರೋಲಿನ ಭಾರ, ಇಬ್ಬರ ಭಾರ ಇಷ್ಟಾದರೆ ಇಪ್ಪತ್ತೊಂದು ಇಂಚಿನ ಪ್ರೊಪೆಲ್ಲರ್ ಹಾಕಬೇಕು. ಅಂದರೆ ಒಂದು ಸುತ್ತಿಗೆ ಇಪ್ಪತ್ತೊಂದು ಇಂಚು ಮುಂದೆ ನೂಕುವ ರೆಕ್ಕೆ. ಆಗ ಪೂರ್ತಿ ಥ್ರಾಟಲ್ಲಿನಲ್ಲಿ ಎಂಜಿನ್ ನಿಮಿಷಕ್ಕೆ ಐದು ಸಾವಿರದ ಏಳುನೂರು ಸುತ್ತು ಸುತ್ತಬೇಕು. ಅದೇ ಅದರ ಹದ.

ಗಂಡ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂತ. ಅವಳು ಥ್ರಾಟಲ್ ಒತ್ತಿದಳು. ದೋಣಿ ಎದ್ದಿತು, ಆದರೆ ಮೂತಿ ನೀರನ್ನು ಉಳುತ್ತಿತ್ತು. ಐದು ಸಾವಿರ. ಐದು ಸಾವಿರದ ಇನ್ನೂರು. ಮುಳ್ಳು ಅಲ್ಲೇ ನಿಂತಿತು. ಇನ್ನೊಂದು ಸಲ. ಅದೇ ಕತೆ. ಮೈದುನ ಪ್ಲಗ್ಗು ನೋಡಿಸಿದ, ಪೆಟ್ರೋಲು ನೋಡಿಸಿದ, ಪ್ರೊಪೆಲ್ಲರಿಗೆ ಕಳೆ ಸುತ್ತಿದೆಯಾ ಎಂದು ಬಗ್ಗಿ ನೋಡಿದ. ಏನೂ ಇಲ್ಲ.

ಅವಳು ಸೊಂಟಕ್ಕೆ ಕೈಕೊಟ್ಟು ದೋಣಿಯನ್ನೇ ನೋಡುತ್ತ ನಿಂತಳು. ಆಮೇಲೆ ಗಂಡನ ಕಡೆ ತಿರುಗಿದಳು. ಬೇರೆಯವರ ಸೊಂಟ ಅಳೆದು ಅಳೆದು ಟೇಪು ಸವೆಸಿದವನು, ತನ್ನ ಸೊಂಟಕ್ಕೆ ಅದನ್ನು ಎಂದೂ ಸುತ್ತಿದವನಲ್ಲ.

"ಬನ್ನಿ ಇಲ್ಲಿ," ಎಂದಳು.

ಲಾಂಚಿನ ಕಟ್ಟೆಯ ಮೇಲೆ ಮೂಟೆ ತೂಗುವ ದೊಡ್ಡ ತಕ್ಕಡಿಯಿತ್ತು. ಗಂಡ ಅದನ್ನು ಕಂಡದ್ದೇ ಹೆಜ್ಜೆ ನಿಧಾನ ಮಾಡಿದ. "ಊಟ ಮಾಡಿ ಬಂದಿದ್ದೀನಿ ಕಣೇ, ಈಗ ಸರಿಯಾಗಿ ತೋರ್ಸಲ್ಲ."

"ಹದಿನೆಂಟು ಕಿಲೋ ಊಟ ಮಾಡಿದ್ರಾ?" ಎಂದಳು ಅವಳು, ಮುಳ್ಳನ್ನು ನೋಡಿ. ತೊಂಬತ್ತಾರು!

ಟಿಕೆಟ್ ಕಿಟಕಿಯವನು ಬಿದ್ದು ಬಿದ್ದು ನಕ್ಕ. ಆದರೂ ಹದಿನೆಂಟು ಕಿಲೋಗೆ ಇಷ್ಟೊಂದು ವ್ಯತ್ಯಾಸ ಆಗಬಾರದು ಎಂದು ಮೈದುನ ತಲೆ ಕೆರೆದುಕೊಂಡ. ಅವಳು ದೋಣಿಗೆ ವಾಪಸು ಹೋಗಿ, ಮೂತಿಯ ಕೆಳಗಿನ ಖಾನೆ ತೆರೆದಳು. ಒಳಗೆ ಕಾಕಿ ಬಟ್ಟೆಯ ದೊಡ್ಡ ಚೀಲ, ಅಚ್ಚುಕಟ್ಟಾದ ಜೋಡಿ ಹೊಲಿಗೆ. ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ. ಚೀಲದೊಳಗೆ ಎರಡು ಹಗ್ಗ, ಒಂದು ಸಣ್ಣ ಲಂಗರು, ಉಪಕರಣದ ಪೆಟ್ಟಿಗೆ, ಹೆಚ್ಚಿನ ಎರಡು ಲೈಫ್ ಜಾಕೆಟ್ಟು, ಹತ್ತು ಹತ್ತು ಲೀಟರಿನ ಎರಡು ನೀರಿನ ಕ್ಯಾನು.

"ನೀರು ಯಾಕ್ರೀ? ಸುತ್ತ ನೀರೇ ಇದೆಯಲ್ಲ!"

"ಅದು ಕುಡಿಯೋ ನೀರಲ್ಲ," ಎಂದ ಗಂಡ, ಗಂಭೀರವಾಗಿ. "ಎಂಜಿನ್ ಕೆಟ್ಟು ನಡುನೀರಲ್ಲಿ ಎರಡು ದಿನ ನಿಂತ್ರೆ?"

ಅವಳಿಗೆ ನಗು ತಡೆಯಲಾಗಲಿಲ್ಲ. ದೋಣಿಯ ಅಂಚಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಡನ ಮುಖ ಬಾಡಿತು. "ಬೇರೆ ಯಾರನ್ನಾದ್ರೂ ನೋಡ್ಕೋ. ನನ್ನಿಂದ ನಿನ್ನ ದೋಣಿ ಹಾಳಾಗೋದು ಬೇಡ."

ಅವಳು ನಗು ನಿಲ್ಲಿಸಿದಳು. "ಬೇರೆ ಯಾರೂ ಬೇಡ ನಂಗೆ. ನಿಮ್ಮನ್ನ ಬದಲಾಯ್ಸೋದಕ್ಕಿಂತ ಪ್ರೊಪೆಲ್ಲರ್ ಬದಲಾಯ್ಸೋದು ಸುಲಭ."

ಹಾಗೇ ಮಾಡಿದರು. ಚೀಲ ಮನೆಗೆ ಹೋಯಿತು. ಇಪ್ಪತ್ತೊಂದರ ಬದಲು ಹತ್ತೊಂಬತ್ತು ಇಂಚಿನ ಪ್ರೊಪೆಲ್ಲರ್ ಬಂತು. ಒಂದು ಸುತ್ತಿಗೆ ಸ್ವಲ್ಪ ಕಡಿಮೆ ದೂರ, ಆದರೆ ಭಾರ ಎತ್ತಲು ಎಂಜಿನ್ನಿಗೆ ಹಗುರ. ಗಂಡನ ಸೀಟನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. ಮೇಸ್ತ್ರಿ ದಡದಲ್ಲಿ ಕೈಕಟ್ಟಿ ನಿಂತ. ಅವಳು ಥ್ರಾಟಲ್ ಒತ್ತಿದಳು.

ಓ! ದೋಣಿ ಎದ್ದ ರೀತಿಯೇ ಬೇರೆ. ನಾಲ್ಕು ಸೆಕೆಂಡು. ಮೂತಿ ನೀರಿನಿಂದ ಬಿಡಿಸಿಕೊಂಡಿತು. ಐದು ಸಾವಿರದ ಐನೂರು, ಆರುನೂರು, ಏಳುನೂರು. ಮುಳ್ಳು ಅಲ್ಲಿಗೆ ಹೋಗಿ ಅಲುಗಾಡದೆ ನಿಂತಿತು. ವೇಗ ಎಂಬತ್ತಾರು. ಕುಣಿತವಿಲ್ಲ, ಅರಚಾಟವಿಲ್ಲ, ಎಂಜಿನ್ನು ಒಂದೇ ಶ್ರುತಿಯಲ್ಲಿ ಹಾಡುತ್ತಿತ್ತು. ಅವಳ ಮೈಯೆಲ್ಲ ಜುಮ್ಮೆಂದಿತು. ಥ್ರಾಟಲ್ ಸ್ವಲ್ಪ ಬಿಟ್ಟರೂ ದೋಣಿ ಹಾಗೇ ಜಾರುತ್ತಿತ್ತು, ಮತ್ತೆ ಕೇಳಿದಾಗ ಮತ್ತೆ ಕೊಡುತ್ತಿತ್ತು.

ಮುಂದಿನ ಎರಡು ವಾರ ಲಾಂಚಿನ ಪಾಳಿ ಮುಗಿದದ್ದೇ ಅಭ್ಯಾಸ. ತಿರುವಿನಲ್ಲಿ ಗಂಡ ಒಳಗಿನ ಕಡೆಗೆ ಮೈ ವಾಲಿಸಿದರೆ ದೋಣಿ ನೀರಿಗೆ ಅಂಟಿಕೊಂಡು ತಿರುಗುತ್ತದೆಂದು ಮೂರನೆಯ ದಿನ ಗೊತ್ತಾಯಿತು. ತೊಂಬತ್ತಾರು ಕಿಲೋ ಸುಮ್ಮನೆಯೇ? ದರ್ಜಿಗೆ ಇದರಿಂದ ಎಲ್ಲಿಲ್ಲದ ಹೆಮ್ಮೆ. ಆದರೆ ಕಣ್ಣು ಮಾತ್ರ ಮುಚ್ಚಿಯೇ ಇರುತ್ತಿತ್ತು. ಅವಳು "ಎಡ!" ಎಂದರೆ ಎಡಕ್ಕೆ, "ಬಲ!" ಎಂದರೆ ಬಲಕ್ಕೆ ಕುರುಡಾಗಿ ವಾಲುತ್ತಿದ್ದ.

ಸ್ಪರ್ಧೆಯ ದಿನ ಹನ್ನೊಂದು ದೋಣಿಗಳು ಸಾಲಾಗಿ ನಿಂತವು. ಅವುಗಳಲ್ಲಿ ಐದಕ್ಕೆ ಇನ್ನೂರರ ಎಂಜಿನ್ನು, ಒಂದಕ್ಕೆ ಇನ್ನೂರೈವತ್ತರದು. ನಾಲ್ಕು ತೇಲುಗುಂಡುಗಳನ್ನು ಸುತ್ತಿ ಐದು ಸುತ್ತು. ದಡದ ತುಂಬ ಜನ. ಮೈದುನ ಪಟ್ಟಿ ಕಟ್ಟಿದ ಕೈಯನ್ನೇ ಮೇಲೆತ್ತಿ ಕೂಗುತ್ತಿದ್ದ. ಅವಳು ಥ್ರಾಟಲ್ ಮೇಲೆ ಕೈಯಿಟ್ಟಳು. ಹಸಿರು ಬಾವುಟ ಇಳಿಯಿತು.

ನೇರ ಓಟದಲ್ಲಿ ಇನ್ನೂರರವು ಅವಳನ್ನು ಒಂದೊಂದಾಗಿ ಹಿಂದೆ ಹಾಕಿದವು. ಮೊದಲ ತೇಲುಗುಂಡಿನ ಹೊತ್ತಿಗೆ ಅವಳು ಏಳನೆಯವಳು. "ಎಡ!" ಗಂಡ ವಾಲಿದ. ಮುಂದಿದ್ದವರು ಅಷ್ಟೂ ವೇಗವನ್ನು ತಿರುವಿನಲ್ಲಿ ಹಿಡಿಯಲಾರದೆ ದೂರ ದೂರ ಜಾರಿಹೋದರು. ಅವಳು ಗುಂಡಿನ ಮಗ್ಗುಲಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಥ್ರಾಟಲ್ ಬಿಡದೆ ತಿರುಗಿದಳು. ಐದನೆಯವಳು! ನೇರದಲ್ಲಿ ಒಬ್ಬ ಮತ್ತೆ ಮುಂದೆ ಹೋದ. ತಿರುವಿನಲ್ಲಿ ಅವಳು ಇಬ್ಬರನ್ನು ಹಿಡಿದಳು. ಎರಡನೆಯ ಸುತ್ತಿನಲ್ಲಿ ಇನ್ನೂರೈವತ್ತರ ದೋಣಿ ಅವಳ ಕಣ್ಣೆದುರೇ ಎಡಬಲ ಕುಣಿಯತೊಡಗಿ, ವೇಗ ತಗ್ಗಿಸಿ ಪಕ್ಕಕ್ಕೆ ಸರಿಯಿತು. ಅದರ ಚಾಲಕನ ಮುಖದಲ್ಲಿ ಇದ್ದದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೆಯ ಸುತ್ತಿನಲ್ಲಿ ಪಕ್ಕದಿಂದ ಒಂದು ಕೂಗು ಕೇಳಿತು.

"ಬಲಗಡೆಯಿಂದ ಬರ್ತಿದ್ದಾನೆ ಕಣೇ! ಜಾಗ ಕೊಡ್ಬೇಡ! ಇನ್ನೂ ಒತ್ತು!"

ಅವಳು ಚಕ್ಕನೆ ತಿರುಗಿದಳು. ಗಂಡನ ಕಣ್ಣು ಬಟ್ಟಲಿನಷ್ಟು ಅಗಲವಾಗಿ ತೆರೆದಿತ್ತು. ಗಾಳಿಗೆ ಕೆನ್ನೆ ಪಟಪಟ ಬಡಿಯುತ್ತಿತ್ತು. ಅವನು ನಗುತ್ತಿದ್ದ.

"ನನ್ನ ಯಾಕೆ ನೋಡ್ತೀಯ? ಮುಂದೆ ನೋಡು!"

ಅಲ್ಲಿಂದ ಮುಂದೆ "ಎಡ", "ಬಲ" ಹೇಳುವ ಕೆಲಸವನ್ನು ಅವನೇ ತೆಗೆದುಕೊಂಡ. ಹಿಂದೆ ಯಾರು, ಪಕ್ಕ ಯಾರು, ಎಷ್ಟು ದೂರ, ಎಲ್ಲ ಕೂಗಿ ಹೇಳಿದ. ಅಷ್ಟೂ ವರ್ಷದ ತುಟಿಪಿಟಕ್ಕೆನ್ನದ ಬಾಕಿಯನ್ನು ಒಂದೇ ಸಲಕ್ಕೆ ತೀರಿಸುವವನ ಹಾಗೆ. ನಾಲ್ಕನೆಯ ಸುತ್ತಿನಲ್ಲಿ ಅವರು ಮೂರನೆಯ ಸ್ಥಾನದಲ್ಲಿದ್ದರು. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಇಬ್ಬರೂ ಒಟ್ಟಿಗೆ ಎಡಕ್ಕೆ ವಾಲಿ, ಒಂದು ಕೆಂಪು ದೋಣಿಯ ಒಳಗಿನಿಂದ ನುಸುಳಿ ಮುಂದೆ ಬಂದರು. ಮುಂದಿದ್ದದ್ದು ಒಂದೇ ಒಂದು ದೋಣಿ. ಅದರ ಹಿಂದಿನ ನೊರೆ ಅವರ ಮುಖಕ್ಕೆ ಸಿಡಿಯುತ್ತಿತ್ತು. ಹತ್ತಿರ, ಇನ್ನೂ ಹತ್ತಿರ. ಬಾವುಟ ಬೀಸಿದಾಗ ಎರಡರ ನಡುವೆ ಅರ್ಧ ದೋಣಿಯಷ್ಟೇ ಅಂತರ.

ಎರಡನೆಯ ಸ್ಥಾನ. ಹನ್ನೊಂದರಲ್ಲಿ ಎರಡನೆಯದು, ಮೊದಲ ಸಲಕ್ಕೆ.

ದಡದಲ್ಲಿ ಮೈದುನ ಒಂಟಿ ಕೈಯಲ್ಲೇ ಮೇಸ್ತ್ರಿಯನ್ನು ಅಪ್ಪಿಕೊಂಡು ಎತ್ತಿಬಿಟ್ಟಿದ್ದ. ಮುದುಕ ಕಾಲು ಒದೆಯುತ್ತ ಇಳಿಸೋ ಎಂದು ಬೈಯುತ್ತಿದ್ದ, ಬೈಯುತ್ತಲೇ ನಗುತ್ತಿದ್ದ. ಚುಕ್ಕಾಣಿ ಅಕ್ಕ ದೋಣಿ ಕಟ್ಟಲು ಹಗ್ಗ ತೆಗೆದುಕೊಂಡಳು. ಕಟ್ಟೆಯ ಗೂಟಕ್ಕೆ ಒಂದು ಸುತ್ತು ಸುತ್ತಿದಳು. ಜನ ಸುತ್ತ ನೆರೆದು ಏನೇನೋ ಕೇಳುತ್ತಿದ್ದರು. ಗಂಡ ಮಾತ್ರ ಇನ್ನೂ ಸೀಟಿನಲ್ಲೇ ಕೂತಿದ್ದ.

"ಇಳೀರಿ, ಮುಗೀತಲ್ಲ," ಎಂದಳು ಅವಳು.

"ಟ್ಯಾಂಕಲ್ಲಿ ಏನಾದ್ರೂ ಉಳಿದಿದ್ಯಾ?"

ಅವಳು ಬಗ್ಗಿ ಮುಳ್ಳು ನೋಡಿದಳು. "ಕಾಲು ಭಾಗ ಇದೆ."

"ಹಾಗಾದ್ರೆ ಹಗ್ಗ ಬಿಡು," ಎಂದ ದರ್ಜಿ. "ಇಬ್ರೇ ಒಂದು ಸುತ್ತು ಹೋಗ್ಬರೋಣ. ಮೊದಲ ಎರಡು ಸುತ್ತು ನಾನು ಏನೂ ನೋಡಿಲ್ಲ."